ಮಾವ ಬೆಳೆದ ಬದು

ಸಿರುಗುಪ್ಪದ ಸುತ್ತಮುತ್ತ ಭತ್ತ ಬೆಳೆಯುವವರು ಸಾವಿರಾರು ಜನ ಸಿಗುತ್ತಾರೆ. ಬದು ಬೆಳೆಯುವವರು ಒಬ್ಬರೇ! ಅವರು ನನ್ನ ಸೋದರಮಾವನೇ ಆಗಿರುವುದು ನಾನು ಹೋದ ಜನ್ಮದಲ್ಲಿ ಮಾಡಿದ ಯಾವುದೋ ಕರ್ಮದ ಫಲವೆಂದು ಬಹಳ ವರ್ಷ ನಂಬಿದ್ದೆ.

ಬದು ಅಂದರೆ ಗೊತ್ತಲ್ಲ? ಗದ್ದೆಯಲ್ಲಿ ನೀರು ನಿಲ್ಲಲಿ ಎಂದು ಸುತ್ತ ಹಾಕುವ ಮಣ್ಣಿನ ದಿಬ್ಬ. ನಮ್ಮ ಕಡೆ ಬದು ನೋಡಿ ಮನೆತನ ಅಳೆಯುತ್ತಾರೆ. ಸಲಿಕೆಯಲ್ಲಿ ಕೆತ್ತಿ ಕೆತ್ತಿ ಮದುಮಗನ ಗಲ್ಲದ ಹಾಗೆ ನುಣ್ಣಗೆ ಮಾಡಿಟ್ಟಿದ್ದರೆ ಅದು ಮರ್ಯಾದಸ್ಥರ ಹೊಲ. ಹುಲ್ಲು ಬೆಳೆದಿದ್ದರೆ ಯಜಮಾನ ಸೋಮಾರಿ, ಇಲ್ಲವೇ ಕುಡುಕ, ಇಲ್ಲವೇ ಮನೆಯಲ್ಲಿ ಏನೋ ಸರಿಯಿಲ್ಲ! ಈ ಕೆತ್ತುವ ಹುರುಪಿನಲ್ಲಿ ಆಚೆಯವರು ಒಂದು ಬೆರಳು, ಈಚೆಯವರು ಒಂದು ಬೆರಳು ಎಂದು ವರ್ಷ ವರ್ಷವೂ ಬದು ಸಣ್ಣಗಾಗುತ್ತ ಬಂದು, ಈಗ ಅದರ ಮೇಲೆ ಬೆಳ್ಳಕ್ಕಿ ಬಿಟ್ಟು ಬೇರೆ ಯಾರೂ ನೆಟ್ಟಗೆ ನಡೆಯಲಾರರು.

ಇಂಥ ಊರಿನಲ್ಲಿ ನಮ್ಮ ಮಾವನ ಬದು ನಾಲ್ಕು ಅಡಿ ಅಗಲ. ಅದರ ಮೇಲೆ ಮೊಣಕಾಲುದ್ದ ಕರಿಕೆ, ತುಂಬೆ, ಉತ್ತರಾಣಿ, ಮುಳ್ಳಿನ ನೆಲಗುಳ್ಳ, ಮತ್ತೆ ಹೆಸರು ಮಾವನಿಗಷ್ಟೇ ಗೊತ್ತಿರುವ ಇನ್ನೂ ಹತ್ತು ಗಿಡ. ಪಕ್ಕದ ಗದ್ದೆಯವರು ಆಂಧ್ರದ ಕಡೆಯಿಂದ ಬಂದು ಇಲ್ಲೇ ಕ್ಯಾಂಪ್ ಕಟ್ಟಿಕೊಂಡು ನೆಲೆಸಿದವರು, ಬಹಳ ಸಭ್ಯರು. ಅವರೂ ಒಂದು ದಿನ ತಡೆಯಲಾರದೆ, "ಏಮಂಡೀ, ಇದಿ ಗಟ್ಟಾ, ಅಡವಾ?" ಎಂದುಬಿಟ್ಟರು. ಬದುವೋ ಅಡವಿಯೋ ಎಂಬ ಈ ಪ್ರಶ್ನೆಗೆ ಮಾವ ಬೇಸರಪಟ್ಟುಕೊಳ್ಳಬೇಡವೇ? ಹಿಗ್ಗಿ ಹೀರೇಕಾಯಿಯಾದರು! ಮನೆಗೆ ಬಂದು ಅತ್ತೆಗೆ, "ನೋಡು, ಅಡವಿ ಅಂದ್ರು!" ಎಂದು ಮೂರು ಸಲ ಹೇಳಿದರಂತೆ.

ಇಷ್ಟೆಲ್ಲ ಯಾಕೆ ಅಂತೀರಾ? ಜೇಡ ಮತ್ತು ಹುಳಗಳಿಗಾಗಿ! ಮಾವನ ಪ್ರಕಾರ ಗದ್ದೆ ಕಾಯುವ ನೌಕರರೆಲ್ಲ ಬದುವಿನ ಮೇಲೆ ವಾಸ. ಬಲೆ ಕಟ್ಟದೆ ಬೆನ್ನಟ್ಟಿ ಹಿಡಿಯುವ ಜೇಡಗಳು ಪೊಲೀಸರು. ಕಲ್ಲಿನ ಕೆಳಗೆ ಹಗಲೆಲ್ಲ ಮಲಗಿ ಕತ್ತಲಾದ ಮೇಲೆ ಬೇಟೆಗೆ ಹೊರಡುವ ಕಪ್ಪು ದುಂಬಿಗಳು, ಅವರ ಮಾತಿನಲ್ಲೇ ಹೇಳುವುದಾದರೆ, ಕಾರ್ಖಾನೆಯ ಮೂರನೇ ಪಾಳಿಯವರು. ಬೆನ್ನಿನ ಮೇಲೆ ಕರಿ ಚುಕ್ಕೆ ಇರುವ ಗುಲಗಂಜಿ ಹುಳಗಳು ಮಾತ್ರ ಅಕ್ಕನವರು. ಯಾಕೆ ಅಕ್ಕನವರು ಎಂದು ಕೇಳಿದರೆ, "ನೋಡಾಕ ಲಕ್ಷಣ, ಉಣ್ಣಾಕ ಕುಂತ್ರ ಹೇನು ಒಂದೂ ಬಿಡಂಗಿಲ್ಲ. ನಿಮ್ಮವ್ವ ಹಂಗ ಇದ್ಲಲ್ಲ?" ಎಂದರು. ನಮ್ಮವ್ವ ಅವರ ಸ್ವಂತ ಅಕ್ಕ. ಗಿಡದ ಹೇನು ತಿನ್ನುವ ಹುಳಕ್ಕೆ ಹೋಲಿಸಿದ್ದು ಹೊಗಳಿಕೆಯೋ ಬೈಗುಳವೋ ನನಗೆ ಇವತ್ತಿಗೂ ತಿಳಿದಿಲ್ಲ.

ನನ್ನ ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಮಾವನ ಮನೆಗೆ ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಇನ್ನೂ ಇಬ್ಬನಿ ಆರಿರಲಿಲ್ಲ. ಮಾವ ಹೊಲ ತೋರಿಸಲು ಹೊರಡಿಸಿದರು. ಅವಳು ಹೊಸ ಇಳಕಲ್ ಸೀರೆಯುಟ್ಟು ಬದುವಿನ ಮೇಲೆ ಕಾಲಿಡುವಷ್ಟರಲ್ಲಿ ಮಾವ ಕೈ ಅಡ್ಡ ಹಿಡಿದರು.

"ತಡಿಯವ್ವ, ಅಲ್ಲಿ ಜ್ಯಾಡರ ಬಲಿ ಐತಿ. ಈ ಕಡಿ ಕೆಸರಾಗ ಇಳಕೊಂಡು ಬಾ."

"ಮಾವ, ಅಕಿ ಹೊಸಾಕಿ, ಸೀರಿನೂ ಹೊಸಾದು!" ಎಂದು ನಾನು ಕೂಗಿದೆ.

"ಅದನ್ನ ನಾನೂ ಹೇಳೋದು. ಈಕಿ ನಿನ್ನಿ ಬಂದಾಕಿ. ಬಲಿಯೊಳಗ ಕುಂತಾಕಿ ನಾಟಿ ಹಚ್ಚಿದಾಗಿಂದ ಇಲ್ಲೇ ಅದಾಳ. ಯಾರು ಯಾರಿಗೆ ದಾರಿ ಬಿಡಬೇಕು, ನೀನ ಹೇಳಲೇ!"

ನನ್ನ ಹೆಂಡತಿ ನೆರಿಗೆ ಎತ್ತಿ ಹಿಡಿದು ಕೆಸರಿಗಿಳಿದಳು. ಅದಾಗಿ ಹದಿನಾರು ವರ್ಷ. ಮನೆಯಲ್ಲಿ ಯಾವ ಜಗಳವಾಗಲಿ, ಉಪ್ಪು ಹೆಚ್ಚಾದದ್ದೇ ಇರಲಿ, ಗ್ಯಾಸ್ ತೀರಿದ್ದೇ ಇರಲಿ, "ನಿಮ್ಮ ಮನೆತನದಾಗ ನನ್ನ ಜಾಗ ಜ್ಯಾಡರ ಹುಳದ ಕೆಳಗ ಐತಿ ಅಂತ ನನಗ ಮೊದಲ ದಿನಾನ ಗೊತ್ತಾಗೈತಿ" ಎಂದೇ ಮುಗಿಸುತ್ತಾಳೆ.

ಇನ್ನು ನನ್ನ ಉದ್ಯೋಗ ಏನು ಎಂದು ಹೇಳಿದರೆ ನೀವು ನಗುತ್ತೀರಿ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನನಗೊಂದು ಅಂಗಡಿಯಿದೆ. ಅಲ್ಲಿ ಮಾರುವುದು ಬೆಳೆಗೆ ಹೊಡೆಯುವ ಔಷಧಿ! ಅಂದರೆ ಮಾವ ಸಾಕುವುದನ್ನು ಅಳಿಯ ಕೊಲ್ಲುತ್ತಾನೆ. ತಿಂಗಳಿಗೊಮ್ಮೆ ಬಳ್ಳಾರಿಗೆ ಬಂದಾಗ ಮಾವ ನನ್ನ ಅಂಗಡಿಯ ಕುರ್ಚಿಯಲ್ಲೇ ಕೂರುತ್ತಿದ್ದರು. ಒಮ್ಮೆ ಕುರುಗೋಡಿನ ಕಡೆಯ ರೈತನೊಬ್ಬ ಮುದುಡಿದ ಮೆಣಸಿನಕಾಯಿ ಎಲೆ ಹಿಡಿದುಕೊಂಡು ಬಂದ. ನಾನು ಬಾಟಲಿ ತೆಗೆದು ಮುಂದಿಟ್ಟೆ. ಮಾವ ಕುರ್ಚಿಯಿಂದೆದ್ದು ಬಂದರು.

"ಇದು ಭಾಳ ಚಲೋ ಔಷಧಪಾ. ಹೊಡದ್ರ ಹುಳ ಸಾಯ್ತೈತಿ. ಹುಳ ತಿನ್ನೋದೂ ಸಾಯ್ತೈತಿ. ಮುಂದಿನ ಹುಳಕ್ಕ ಮತ್ತ ನೀ ಇಲ್ಲೇ ಬರಬೇಕು. ಅಳಿಯ ನಮ್ಮವ ಅದಾನ, ತಗೋಬ್ಯಾಡ ಅನ್ನಾಕ ನನಗ ಬಾಯಿಲ್ಲ. ಒಂದ್ಸಲ ನನ್ನ ಬದು ನೋಡಿ ಬಂದು ತಗೊಂಡ್ರ ಆಗಂಗಿಲ್ಲೇನು?"

ರೈತ ಬಾಟಲಿ ನೋಡಿದ, ಮಾವನ ಮುಖ ನೋಡಿದ. ಮುಂದಿನ ಸಿರುಗುಪ್ಪ ಬಸ್ಸಿಗೆ ಇಬ್ಬರೂ ಜೋಡಿಯಾಗಿ ಹೊರಟುಹೋದರು! ನನಗೆ ಉಳಿದದ್ದು ಆ ಮುದುಡಿದ ಎಲೆ.

ನಗಬೇಡಿ. ಮಾವನ ಗದ್ದೆಗೆ ನನ್ನ ಅಂಗಡಿಯಿಂದ ಒಂದೇ ಒಂದು ಬಾಟಲಿಯೂ ಹೋಗಿರಲಿಲ್ಲ ಎಂಬುದು ನಿಜ. ಸುತ್ತಲಿನವರ ಭತ್ತಕ್ಕೆ ಜಿಗಿಹುಳ ಬಿದ್ದು ಗದ್ದೆಯ ನಡುವೆ ಸುಟ್ಟಂತೆ ದುಂಡು ದುಂಡಾಗಿ ಒಣಗಿದ ವರ್ಷವೂ ಮಾವನ ಗದ್ದೆ ಹಸಿರಾಗಿಯೇ ಇತ್ತು. ಅದು ಅದೃಷ್ಟ ಎಂದು ನಾನು ವಾದಿಸುತ್ತಿದ್ದೆ. ಅಂಗಡಿ ಇಟ್ಟವನು ಇನ್ನೇನು ಅನ್ನಬೇಕು?

ಸುಗ್ಗಿಯಲ್ಲಿ ಮಾವನ ಹುಚ್ಚು ಇನ್ನೂ ಒಂದು ಮೆಟ್ಟಿಲು ಏರುತ್ತಿತ್ತು. ಕೊಯ್ಯುವ ಯಂತ್ರ ಗದ್ದೆಗಿಳಿದರೆ ಅವರು ಡ್ರೈವರನ ಮುಂದೆ ಹಿಂದೆ ಓಡುತ್ತಾ, "ಸಾವಕಾಶಪಾ, ಅವಕ್ಕ ದಾಟಾಕ ಟೈಮ್ ಕೊಡು" ಎಂದು ಕೂಗುತ್ತಿದ್ದರು. ಭತ್ತ ಕೊಯ್ದ ಮೇಲೆ ಗದ್ದೆ ಬಟಾಬಯಲು. ಅಲ್ಲಿದ್ದ ಜೇಡಗಳೆಲ್ಲ ಎಲ್ಲಿ ಹೋಗಬೇಕು? ಬದುವಿಗೇ ಬರಬೇಕು. ಮತ್ತೆ ನಾಟಿಯಾದ ಮೇಲೆ ಅಲ್ಲಿಂದಲೇ ಗದ್ದೆಗಿಳಿಯಬೇಕು. ಬಂದವರಿಗೆ ಮನೆ ಬೇಡವೇ? ಅದಕ್ಕೆ ಮಾವ ಹುಲ್ಲಿನ ಸಣ್ಣ ಸಣ್ಣ ಸಿವುಡು ಕಟ್ಟಿ, ಬದುವಿನ ಉದ್ದಕ್ಕೂ ಹತ್ತು ಹೆಜ್ಜೆಗೊಂದರಂತೆ ಛತ್ರಿಯ ಹಾಗೆ ಬಿಚ್ಚಿ ನಿಲ್ಲಿಸುತ್ತಿದ್ದರು. ಸಿವುಡಿನೊಳಗೆ ಜೇಡಗಳು ತಂಪಾಗಿ ಕೂರುತ್ತವಂತೆ. "ಮಾವ, ಬಾಡಿಗಿ ಕರಾರು ಬರಿಸೀರೇನು?" ಎಂದು ನಾನು ಕೇಳಿದರೆ, "ಕರಾರು ಮನಷ್ಯಾರಿಗೆ. ಇವು ಹೇಳಿದ ಮಾತಿಗೆ ತಪ್ಪಂಗಿಲ್ಲ" ಎಂದರು.

ಹೀಗಿರುವಾಗ ಮಾವನ ಕಣ್ಣಿಗೆ ಪೊರೆ ಬಂತು. ಅದು ಗೊತ್ತಾದದ್ದಾದರೂ ಹೇಗೆ! ಒಂದು ದಿನ ಅವರು ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು, ಅಕ್ಕನವರೊಬ್ಬರು ಅಲ್ಲಾಡದೆ ಕುಳಿತಿದ್ದಾರೆ, ಬಹುಶಃ ಮೈಯಲ್ಲಿ ಹುಷಾರಿಲ್ಲ ಎಂದು ಅರ್ಧ ಗಂಟೆ ಕಾದರು. ಕೊನೆಗೆ ಅತ್ತೆ ಬಂದು, "ಅದು ನನ್ನ ಜಂಪರದ ಗುಂಡಿರೀ" ಎಂದು ಎತ್ತಿಕೊಂಡು ಹೋದರು! ನಾವೆಲ್ಲ ನಕ್ಕೆವು. ಮಾವ ನಗಲಿಲ್ಲ. ಬಳ್ಳಾರಿಗೆ ಬಂದು ನನ್ನನ್ನು ಕೇಳಿದರು:

"ಲೇ ಅಳಿಯಾ, ಆಪರೇಷನ್ ಮಾಡಿಸಿದ್ರ ಸಣ್ಣ ಮರಿ ಕಾಣ್ತಾವೇನಲೇ? ತಾಯಿ ಬೆನ್ನ ಮ್ಯಾಲೆ ಮರಿ ಹೊತ್ಕೊಂಡು ಓಡ್ತೈತಲ್ಲ, ಅವು? ಎರಡು ವರ್ಷಾತು, ತಾಯಿ ಕಾಣ್ತಾಳ, ಮರಿ ಕಾಣವಲ್ವು."

ಪೇಪರ್ ಓದಲು, ಟೀವಿ ನೋಡಲು, ನೋಟು ಗುರುತಿಸಲು ಆಪರೇಷನ್ ಮಾಡಿಸಿಕೊಳ್ಳುವವರನ್ನು ಕಂಡಿದ್ದೇನೆ. ಜೇಡರ ಮರಿ ನೋಡಲು ಮಾಡಿಸಿಕೊಂಡವರು ನನಗೆ ತಿಳಿದಂತೆ ಇವರೊಬ್ಬರೇ. ಆ ವರ್ಷ ಸುಗ್ಗಿ ಮುಗಿಸಿ, ಸಿವುಡು ನಿಲ್ಲಿಸಿ, ಮಾವ ಬಂದರು. ಆಪರೇಷನ್ ಆಯಿತು. ಹದಿನೈದು ದಿನ ಧೂಳಿಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದರಿಂದ ಕಂಟೋನ್ಮೆಂಟಿನ ನಮ್ಮ ಮನೆಯಲ್ಲೇ ಉಳಿದರು. ಕಪ್ಪು ಕನ್ನಡಕ ಹಾಕಿಕೊಂಡು ಸೋಫಾದಲ್ಲಿ ಕೂತು, ನನ್ನ ಹೆಂಡತಿ ಮೂಲೆಯ ಬಲೆ ತೆಗೆಯಲು ಪೊರಕೆ ಎತ್ತಿದರೆ ಸಾಕು, ಗಂಟಲು ಸರಿಮಾಡಿಕೊಳ್ಳುತ್ತಿದ್ದರು. "ಮಾವಾರ, ಇದು ಮನಿರೀ, ಬದು ಅಲ್ಲ" ಎಂದು ಅವಳು ಅನ್ನುವುದು, "ಅದಕ್ಕ ಗೊತ್ತಿಲ್ಲವ್ವ ಪಾಪ" ಎಂದು ಇವರು ಅನ್ನುವುದು. ಹದಿನೈದು ದಿನವೂ ಆ ಮೂಲೆಗೆ ಪೊರಕೆ ಮುಟ್ಟಲಿಲ್ಲ.

ಇಲ್ಲಿಯವರೆಗೆ ನಗುನಗುತ್ತಾ ಬರೆದೆ. ಇನ್ನು ನನಗೆ ಅಷ್ಟು ಸಲೀಸಾಗಿ ಬರೆಯಲಾಗುವುದಿಲ್ಲ.

ಆ ಹದಿನೈದು ದಿನದ ನಡುವೆ ಅತ್ತೆಯ ಫೋನ್ ಬಂತು. ಮಾವನ ಮಗಳಿಗೆ ಕುರುಗೋಡಿನ ಒಳ್ಳೆಯ ಮನೆತನದಿಂದ ಸಂಬಂಧ ಬಂದಿತ್ತು. ಹುಡುಗನ ತಂದೆ ಭಾನುವಾರ ಮನೆ, ಹೊಲ ನೋಡಲು ಬರುತ್ತಾರಂತೆ. "ಅವರು ಭಾಳ ಶಿಸ್ತಿನ ಮಂದಿ ಅಂತಪಾ. ರಸ್ತಾದ ಕಡಿ ಒಂಚೂರು ಹುಲ್ಲು ಕೊಯ್ಸಿಬಿಡು. ನಿಮ್ಮ ಮಾವಗ ಈಗಲೇ ಏನೂ ಹೇಳಬ್ಯಾಡ, ಎದ್ದು ಬಂದು ಕಣ್ಣಿಗೆ ತ್ರಾಸ ಮಾಡ್ಕೋತಾರ" ಎಂದರು ಅತ್ತೆ.

ಒಂಚೂರು ಅಂದಿದ್ದರು. ರಸ್ತೆಯ ಕಡೆ ಅಂದಿದ್ದರು. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು, ಯಾಕೆಂದರೆ ತಪ್ಪು ಅತ್ತೆಯದಲ್ಲ.

ನನಗೋ, ಮಾವನ ಮಾನ ಉಳಿಸುವ ಜವಾಬ್ದಾರಿ ಪೂರ್ತಿ ನನ್ನ ಹೆಗಲ ಮೇಲೆಯೇ ಬಿದ್ದಂತೆ ಹುರುಪು ಬಂತು. ಇಷ್ಟು ವರ್ಷ ಊರವರು ಆಡಿಕೊಂಡದ್ದನ್ನೆಲ್ಲ ಒಂದೇ ದಿನದಲ್ಲಿ ತೊಳೆದುಬಿಡುತ್ತೇನೆ ಅಂದುಕೊಂಡೆ. ಅಂಗಡಿಗೆ ಹೋಗುತ್ತೇನೆಂದು ಮಾವನಿಗೆ ಹೇಳಿ ಶನಿವಾರ ಸಿರುಗುಪ್ಪಕ್ಕೆ ಹೋದೆ. ಹುಲ್ಲು ಕತ್ತರಿಸುವ ಯಂತ್ರದವರು ಇಬ್ಬರನ್ನು ಕರೆಸಿದೆ. ನಾಲ್ಕೂ ಕಡೆಯ ಬದು ಬೋಳು ಮಾಡಿಸಿದೆ. ಕತ್ತರಿಸಿದ್ದು ರಾಶಿ ಬಿತ್ತು. ಎತ್ತಿ ಹಾಕುವುದಕ್ಕಿಂತ ಸುಡುವುದು ಸುಲಭ. ಬೆಂಕಿ ಬೇಗ ಹಿಡಿಯಲಿ ಎಂದು ಮಾವ ನಿಲ್ಲಿಸಿದ್ದ ಒಣ ಸಿವುಡುಗಳಿಗೇ ಮೊದಲು ಕಡ್ಡಿ ಗೀರಿದೆ.

ಸಿವುಡಿಗೆ ಉರಿ ಹತ್ತಿದಾಗ ಅದರೊಳಗಿಂದ ಸಣ್ಣ ಸಣ್ಣವು ಏನೋ ಇಳಿದು ಓಡತೊಡಗಿದವು. ನಾನು ನೋಡಿದೆ. ಇರುವೆ ಅಂದುಕೊಂಡೆ ಎಂದು ಈಗ ಹೇಳಬಹುದು. ಅಂದುಕೊಂಡಿರಲಿಲ್ಲ. ಅವು ಏನೆಂದು ನನಗೆ ಗೊತ್ತಿತ್ತು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ದೂರ ನಿಂತು ನೋಡಿದರೆ ಊರಿನ ಎಲ್ಲ ಬದುಗಳ ಹಾಗೆ ಮಾವನದೂ ಬೋಳಾಗಿ, ಕಪ್ಪಾಗಿ, ಮರ್ಯಾದೆಯಿಂದ ಬಿದ್ದಿತ್ತು. ಪಕ್ಕದ ಗದ್ದೆಯವರು ಬಂದು ನೋಡಿ ಏನೂ ಅನ್ನದೆ ಹೋದರು. ನನಗೆ ಅವತ್ತು ಅದು ಮೆಚ್ಚುಗೆಯಂತೆ ಕಂಡಿತು!

ಭಾನುವಾರ ಬೀಗರಾಗುವವರು ಕಾರಿನಲ್ಲಿ ಬಂದರು. ಮನೆಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ ಆಯಿತು. ಆಮೇಲೆ ನಾನೇ ಮುಂದೆ ನಿಂತು ಹೊಲಕ್ಕೆ ಕರೆದೊಯ್ದೆ. ರಸ್ತೆಯಲ್ಲಿ ಕಾರು ನಿಂತಿತು. ಹುಡುಗನ ತಂದೆ ಕಿಟಕಿಯ ಗಾಜನ್ನು ನಾಲ್ಕು ಬೆರಳು ಇಳಿಸಿ, "ಇದನ ಏನ್ರೀ?" ಎಂದರು. "ಇದನ ರೀ" ಎಂದೆ. "ಬಿಸಲು ಭಾಳ ಐತ್ರೀ, ಹೋಗೋಣ ನಡೀರಿ" ಎಂದು ಗಾಜು ಏರಿಸಿದರು. ಅಷ್ಟೇ! ಕಾರಿನಿಂದ ಇಳಿಯಲೂ ಇಲ್ಲ. ಬದುವಿನ ಕಡೆ ತಿರುಗಿಯೂ ನೋಡಲಿಲ್ಲ. ಅವರಿಗೆ ಹುಡುಗಿ ಮೊದಲೇ ಒಪ್ಪಿಗೆಯಾಗಿದ್ದಳು. ಹೊಲ ನೋಡುವುದು ಪದ್ಧತಿ, ಅದಕ್ಕೆ ಬಂದಿದ್ದರು.

ಡಾಕ್ಟರು ಹೇಳಿದ ದಿನ ಮುಗಿದ ಮೇಲೆ ಮಾವನನ್ನು ನಾನೇ ಸಿರುಗುಪ್ಪಕ್ಕೆ ಕರೆದುಕೊಂಡು ಹೋದೆ. ಮದುವೆ ಗೊತ್ತಾದ ಸುದ್ದಿ ದಾರಿಯಲ್ಲಿ ಹೇಳಿದೆ, ಬಹಳ ಸಂತೋಷಪಟ್ಟರು. ಬದುವಿನ ಸುದ್ದಿ ಹೇಳಲು ಬಾಯಿ ಬರಲಿಲ್ಲ. ಬಸ್ಸಿನಿಂದಿಳಿದವರು ಮನೆಗೂ ಹೋಗದೆ, "ಮೊದಲು ಮರಿ ನೋಡೂಣ ನಡಿಯಲೇ" ಎಂದು ಹೊಲದ ದಾರಿ ಹಿಡಿದರು. ನಾನು ಹತ್ತು ಹೆಜ್ಜೆ ಹಿಂದೆ.

ಹೊಲ ಬಂತು. ಮಾವ ಕಪ್ಪು ಕನ್ನಡಕ ತೆಗೆದು ನೋಡಿದರು. ಮತ್ತೆ ಹಾಕಿಕೊಂಡು ನೋಡಿದರು. ಹೊಸ ಕಣ್ಣಿಗೆ ಏನೋ ದೋಷವಿರಬೇಕು ಎಂದುಕೊಂಡರೋ ಏನೋ. ಆಮೇಲೆ ನಾಲ್ಕೂ ಬದುವಿನ ಮೇಲೆ ಒಂದು ಸುತ್ತು ನಡೆದರು. ಕೂತು ಒಂದು ಕಲ್ಲು ಎತ್ತಿ ನೋಡಿ, ಅದನ್ನು ಇದ್ದಹಾಗೆಯೇ ಇಟ್ಟರು. ನಾನು ತಡೆಯಲಾರದೆ ಎಲ್ಲ ಹೇಳಿದೆ. ಬೀಗರು, ಮರ್ಯಾದೆ, ಯಂತ್ರ, ಕಡ್ಡಿ, ಎಲ್ಲ. ಬೈಯಲಿ ಎಂದು ಕಾದೆ. ಅವರು ಕೇಳಿದ್ದು ಒಂದೇ ಮಾತು.

"ಅವತ್ತು ಗಾಳಿ ಯಾವ ಕಡಿ ಇತ್ತಲೇ?"

ಯಾವ ಕಡೆಗೆ ಓಡಿರಬಹುದು ಎಂದು ಲೆಕ್ಕ ಹಾಕುತ್ತಿದ್ದರು! ಗಾಳಿ ಯಾವ ಕಡೆ ಇತ್ತೆಂದು ಬೆಂಕಿ ಹಚ್ಚುವವನು ನೋಡಬೇಕಲ್ಲವೇ? ನಾನು ನೋಡಿರಲಿಲ್ಲ. ಅವರ ಮುಖ ನೋಡಲಾರದೆ ಬಾಯಿಗೆ ಬಂದದ್ದು ಹೇಳಿದೆ: "ಕಾಲುವಿ ಕಡಿಯಿಂದ ಇತ್ತು ಮಾವ, ಉರಿ ಈ ಕಡಿ ಬಂತು. ಅವು ಕಾಲುವಿ ದಂಡಿಗೆ ಹೋಗ್ಯಾವ. ನಾನ ನೋಡೀನಿ."

"ಹೌದಾ?" ಎಂದರು. ಕಾಲುವೆಯ ಕಡೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮನೆಗೆ ಹೋದೆವು.

ಮರುದಿನದಿಂದ ಮಾವ ಕಾಲುವೆಯ ದಂಡೆಯಲ್ಲಿ ಹುಡುಕಲು ಶುರುಮಾಡಿದರು. ಆಪರೇಷನ್ ಆದ ಕಣ್ಣು, ಬಿಸಿಲು, ಮೊಣಕಾಲೂರಿ ಹುಲ್ಲು ಸರಿಸಿ ಸರಿಸಿ ಹುಡುಕುತ್ತಿದ್ದಾರೆಂದು ಅತ್ತೆ ಫೋನ್ ಮಾಡಿ ಅತ್ತರು. ನನಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ, ಊಟ ಸೇರಲಿಲ್ಲ. ಅದಾಗಿ ನಾಲ್ಕನೆಯ ದಿನ ಮಧ್ಯಾಹ್ನ ಮಾವನದೇ ಫೋನ್ ಬಂತು. "ಅಳಿಯಾ, ಎರಡು ಸಿಕ್ಕಾವಲೇ! ಕಾಲುವಿ ದಂಡ್ಯಾಗ! ನಮ್ಮವ ಅವು, ಗುರುತು ಹಿಡದೆ." ನನಗೆ ಕುಣಿಯುವಂತಾಯಿತು. ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಮರುದಿನ ಅದೇ ಹೊತ್ತಿಗೆ, "ಇವತ್ತು ಮೂರು." ಅದರ ಮರುದಿನ, "ಮರಿ ಹೊತ್ತಾಕಿ ಒಬ್ಬಾಕಿ ಬಂದಾಳ, ಚಲೋ ಕಾಣ್ತೈತಿ ಈಗ." ಹೀಗೆ ಎಷ್ಟೋ ದಿನ ನಡೆಯಿತು. ನಾನು ಹೇಳಿದ ಸುಳ್ಳು ಹೇಗೋ ನಿಜವಾಯಿತಲ್ಲ ಎಂದು ದೇವರಿಗೆ ಕೈ ಮುಗಿದೆ.

ಆದರೆ ಬೇಸಿಗೆಯ ಭತ್ತಕ್ಕೆ ಜಿಗಿಹುಳ ಬಿತ್ತು. ಮಾವನ ಗದ್ದೆಗೆ ಮೊದಲ ಸಲ. ಒಂದು ದಿನ ನನ್ನ ಅಂಗಡಿಗೆ ಬಂದವರು ಒಳಗೆ ಬಂದು ಕುರ್ಚಿಯಲ್ಲಿ ಕೂರಲಿಲ್ಲ. ಉಳಿದ ಗಿರಾಕಿಗಳ ಜೊತೆ ಹೊರಗೆ ನಿಂತು, ತಮ್ಮ ಪಾಳಿ ಬಂದಾಗ, "ಒಂದು ಬಾಟ್ಲಿ ಕೊಡಪಾ" ಎಂದರು. ಯಾವುದು ಬೇಕೆಂದು ಕೇಳದೆ ಒಂದನ್ನು ತೆಗೆದು ಮುಂದಿಟ್ಟೆ. ಕೊಟ್ಟದ್ದನ್ನು ಟವೆಲಿನಲ್ಲಿ ಸುತ್ತಿ, ಯಾರಿಗೂ ಕಾಣದಂತೆ ಚೀಲದ ತಳಕ್ಕೆ ಇಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಇಷ್ಟು ವರ್ಷ ಯಾವ ಬಾಟಲಿಯನ್ನು ಅವರಿಗೆ ಮಾರಬೇಕೆಂದು ನಾನು ಹಟ ಹಿಡಿದಿದ್ದೆನೋ ಅದನ್ನು ಮಾರಿದೆ. ಅಷ್ಟು ಕೆಟ್ಟ ವ್ಯಾಪಾರ ನಾನು ಯಾವತ್ತೂ ಮಾಡಿಲ್ಲ.

ಇದಾಗಿ ಎರಡು ವರ್ಷವಾಯಿತು. ಬದುವಿನ ಮೇಲೆ ಕರಿಕೆ ಬಂದಿದೆ, ತುಂಬೆ ಅಲ್ಲೊಂದು ಇಲ್ಲೊಂದು. ಜೇಡಗಳು ಮೊದಲಿನಷ್ಟಿಲ್ಲ. ಕಲ್ಲು ಎತ್ತಿದರೆ ಮೂರನೇ ಪಾಳಿಯವರು ಎಲ್ಲೋ ಒಬ್ಬರು. ಹುಲ್ಲು ಬೇಗ ಬರುತ್ತದೆ, ಅದರಲ್ಲಿದ್ದವು ಅಷ್ಟು ಬೇಗ ಬರುವುದಿಲ್ಲ ಎಂಬುದು ನನಗೆ ಈಗ ಗೊತ್ತಾಗಿದೆ. ಸುಗ್ಗಿ ಮುಗಿದೊಡನೆ ಅಂಗಡಿಗೆ ಬೀಗ ಹಾಕಿ ಸಿರುಗುಪ್ಪಕ್ಕೆ ಹೋಗಿ ಮಾವನ ಜೊತೆ ಸಿವುಡು ಕಟ್ಟುತ್ತೇನೆ.

ಈ ಸಲ ಹೋದಾಗ ಇಬ್ಬರೂ ಬದುವಿನ ಮೇಲೆ ಕೂತಿದ್ದೆವು. ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಇನ್ನು ಇಟ್ಟುಕೊಳ್ಳಲಾಗಲಿಲ್ಲ.

"ಮಾವ, ಅವತ್ತು ಗಾಳಿ ಯಾವ ಕಡಿ ಇತ್ತೋ ನನಗ ಗೊತ್ತಿಲ್ಲ. ಅವು ಕಾಲುವಿ ಕಡಿ ಹೋಗಿದ್ದು ನಾ ನೋಡಿಲ್ಲ. ಸುಳ್ಳು ಹೇಳಿದೆ."

"ಗೊತ್ತೈತಿ" ಎಂದರು ಮಾವ, ಹುಲ್ಲಿನಿಂದ ಕಣ್ಣೆತ್ತದೆ. "ಬೂದಿ ಎಲ್ಲಾ ಕಾಲುವಿ ಕಡೀನ ಬಿದ್ದಿತ್ತು. ಸುತ್ತು ಹಾಕಿದಾಗ ನೋಡಿದ್ದೆ. ಉರಿಗೆ ಹೆದರಿ ಅವು ಪಕ್ಕದವರ ಗದ್ದಿ ಕಡೀನ ಓಡಬೇಕು. ಆ ಕಡಿ ಬರೇ ಬಯಲು, ಓಡಿದ್ರೂ ಉಳಿಯಂಗಿಲ್ಲ."

"ಮತ್ತ ಕಾಲುವಿ ದಂಡ್ಯಾಗ ಸಿಕ್ಕಿದ್ವು?"

"ಎಲ್ಲಿ ಸಿಕ್ಕಾವು? ಮನಸ್ಸು ತಡೀಲಿಲ್ಲ, ಮೂರು ದಿನ ಹುಡುಕಿ ಬಿಟ್ಟೆ. ನಾಲ್ಕನೇ ದಿನ ಹೋಗೇ ಇಲ್ಲ."

"ಮತ್ತ ದಿನಾ ಫೋನ್ ಮಾಡಿ ಎರಡು ಸಿಕ್ಕಾವ, ಮೂರು ಸಿಕ್ಕಾವ ಅಂತ ಯಾಕ ಹೇಳ್ತಿದ್ರಿ ಮಾವ?"

ಮಾವ ಸಿವುಡಿನ ಗಂಟು ಬಿಗಿದರು.

"ನೀ ಊಟ ಬಿಟ್ಟಿದ್ದಿ ಅಂತ ನಿನ್ನ ಹೆಂಡ್ತಿ ಹೇಳಿದ್ಲು."